ಸ್ವಾಧ್ಯಾಯ ಪಾಠ: ರೋಗಿಯ ವ್ರತವೂ ವೈದ್ಯನ ಧರ್ಮವೂ



ವ್ರತಗಳ ಅತಿಚಾರವನ್ನು ಕುರಿತು ವಿಚಾರ ಮಾಡುವಾಗ ನಮ್ಮ ಕಣ್ಣ ಮುಂದೆ ಅಡುಗೆಮನೆ ಇರುತ್ತದೆ, ಬಸದಿ ಇರುತ್ತದೆ, ಆಸ್ಪತ್ರೆ ಇರುವುದಿಲ್ಲ. ಆದರೆ ಇಂದಿನ ಶ್ರಾವಕ-ಶ್ರಾವಿಕೆಯರ ವ್ರತಕ್ಕೆ ಕಠಿಣ ಪರೀಕ್ಷೆ ಒದಗುವುದು ಬಹುಮಟ್ಟಿಗೆ ಅಲ್ಲಿಯೇ. ಅಲ್ಲಿ ವ್ರತಧಾರಿಯು ಹಾಸಿಗೆಯ ಮೇಲೆ ಮಲಗಿರುತ್ತಾನೆ, ಆತನ ದೇಹವು ಬೇರೊಬ್ಬರ ಕೈಯಲ್ಲಿರುತ್ತದೆ. ಆ ಬೇರೊಬ್ಬರಿಗೂ ಒಂದು ಅಂತಃಕರಣವಿದೆ, ತಮ್ಮದೇ ಆದ ಪ್ರತಿಜ್ಞೆಯಿದೆ. ಈ ಎರಡು ಪ್ರತಿಜ್ಞೆಗಳು ಎದುರುಬದುರಾದಾಗ ಯಾವುದು ಎಷ್ಟರಮಟ್ಟಿಗೆ ಸರಿಯಬೇಕು ಎಂಬುದೇ ಈ ಪಾಠದ ವಿಷಯ. ಇದನ್ನು ಬರೆಯಲು ನನಗಿರುವ ಅಧಿಕಾರ ಶಾಸ್ತ್ರಾಭ್ಯಾಸದಿಂದ ಬಂದುದಕ್ಕಿಂತ ನಾನು ಮಾಡಿದ ಒಂದು ತಪ್ಪಿನಿಂದ ಬಂದುದು ಹೆಚ್ಚು. ಅದನ್ನು ಮುಂದೆ ಹೇಳುವೆನು.

ನನ್ನ ಅಕ್ಕ ನನಗಿಂತ ಹನ್ನೆರಡು ವರ್ಷ ಹಿರಿಯಳು. ಭಾವನವರು ತೀರಿಕೊಂಡ ಮೇಲೆ ಅಗಸೂರಿನ ನಮ್ಮ ಮನೆಯಲ್ಲಿಯೇ ಇದ್ದಳು. ಮೂವತ್ತೆಂಟನೆಯ ವಯಸ್ಸಿನಲ್ಲಿ ಯಾವಜ್ಜೀವ ರಾತ್ರಿಭೋಜನ ತ್ಯಾಗವನ್ನು ಸ್ವೀಕರಿಸಿದ್ದಳು. ಅನ್ನವಷ್ಟೇ ಅಲ್ಲ, ಖಾದ್ಯ, ಸ್ವಾದ್ಯ, ಲೇಹ್ಯ, ಪೇಯ ನಾಲ್ಕನ್ನೂ ಬಿಟ್ಟಿದ್ದಳು. 2022ರ ಮಳೆಗಾಲದಲ್ಲಿ ಪಾಚಿಗಟ್ಟಿದ ಅಂಗಳದಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಪೇಟೆಯ ಆಸ್ಪತ್ರೆಗೆ ಕರೆದೊಯ್ದೆವು. ಶಸ್ತ್ರಚಿಕಿತ್ಸೆಯ ಮುನ್ನಾದಿನ ತರುಣ ವೈದ್ಯರೊಬ್ಬರು ಚುಚ್ಚುಮದ್ದು ಹಿಡಿದು ಬಂದರು. ಅಕ್ಕ, ಇದು ಯಾವುದರಿಂದ ಮಾಡಿದ್ದು ಎಂದು ಕೇಳಿದಳು.

"ಅಜ್ಜೀ, ಔಷಧಕ್ಕೆ ಜಾತಿ ಇಲ್ಲ," ಎಂದರು ವೈದ್ಯರು.

"ಜಾತಿ ಕೇಳಲಿಲ್ಲ ಮಗಾ, ಮೂಲ ಕೇಳಿದೆ."

ಆತ ಸಿಟ್ಟಾಗಬಹುದಿತ್ತು, ಆಗಲಿಲ್ಲ. ಸ್ಟೂಲು ಎಳೆದುಕೊಂಡು ಕುಳಿತು ಇದ್ದುದನ್ನು ಇದ್ದ ಹಾಗೆ ಹೇಳಿದರು. ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಎಂಬ ಔಷಧವೂ ಅದರಿಂದ ಹುಟ್ಟಿದ ಹಲವು ಔಷಧಗಳೂ ಹಂದಿಯ ಕರುಳಿನ ಒಳಪದರದಿಂದ ತಯಾರಾಗುತ್ತವೆ. ಸೊಂಟದ ಮೂಳೆ ಮುರಿದವರಿಗೆ ಕಾಲಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿ, ಅದು ಶ್ವಾಸಕೋಶಕ್ಕೆ ಏರಿ ಪ್ರಾಣ ಹೋಗುವ ಭಯವಿದೆ. "ಯಾವ ರಕ್ಷಣೆಯೂ ಇಲ್ಲದೆ ನಿಮ್ಮ ಮೇಲೆ ಕತ್ತಿ ಇಡಲು ನನ್ನ ಮನಸ್ಸು ಒಪ್ಪುವುದಿಲ್ಲ," ಎಂದರು. "ಅದನ್ನು ಒಳಗೆ ತೆಗೆದುಕೊಳ್ಳಲು ನನ್ನ ಮನಸ್ಸು ಒಪ್ಪುವುದಿಲ್ಲ," ಎಂದಳು ಅಕ್ಕ. ಇಬ್ಬರೂ ಸುಮ್ಮನಾದರು. ಮಧ್ಯಾಹ್ನ ಆ ವೈದ್ಯರು ಮರಳಿ ಬಂದು, ಪ್ರಾಣಿಮೂಲವಿಲ್ಲದೆ ರಾಸಾಯನಿಕವಾಗಿ ತಯಾರಿಸಿದ ಬೇರೊಂದು ಚುಚ್ಚುಮದ್ದು ಇದೆ, ಬೆಲೆ ಹೆಚ್ಚು, ದಿನಕ್ಕೊಮ್ಮೆ ಸಾಕು ಎಂದರು. ಹೊತ್ತು ಮುಳುಗುವ ಮೊದಲೇ ಅದನ್ನು ಕೊಡುವುದೆಂದು ನಿಶ್ಚಯವಾಯಿತು. ನಾವು ದಿನವೂ ನುಂಗುವ ಕ್ಯಾಪ್ಸೂಲುಗಳ ಹೊದಿಕೆ ಬಹುಪಾಲು ಜಿಲೆಟಿನ್, ಅಂದರೆ ಪ್ರಾಣಿಗಳ ಮೂಳೆ-ಚರ್ಮಗಳಿಂದ ಬಂದದ್ದು, ಸಸ್ಯಜನ್ಯ ಹೊದಿಕೆಯೂ ಮಾತ್ರೆಯ ರೂಪವೂ ಅನೇಕ ಔಷಧಗಳಿಗೆ ಉಂಟು ಎಂಬುದನ್ನೂ ಅವರೇ ತಿಳಿಸಿದರು. ಅರವತ್ತು ದಾಟಿದ ನನಗೆ ಅದುವರೆಗೆ ಅದು ತಿಳಿದಿರಲಿಲ್ಲವೆಂಬುದು ನಾಚಿಕೆಯ ವಿಷಯ.

ಇಲ್ಲಿ ನಡೆದುದನ್ನು ಸೂಕ್ಷ್ಮವಾಗಿ ಗಮನಿಸಬೇಕು. ವೈದ್ಯರು ತಮ್ಮ ಧರ್ಮವನ್ನು ಬಿಡಲಿಲ್ಲ, ಅಕ್ಕನೂ ಬಿಡಲಿಲ್ಲ. ಬಿಟ್ಟದ್ದು ಅವಸರವನ್ನು ಮಾತ್ರ. ರೋಗಿ ಕೇಳಿದ ಪ್ರಶ್ನೆಗೆ ಸತ್ಯವಾದ ಉತ್ತರ, ಆ ಉತ್ತರ ಕೇಳಿ ರೋಗಿ ಕೊಟ್ಟ ನಿರ್ಧಾರ, ಆ ನಿರ್ಧಾರಕ್ಕೆ ಹೊಂದುವ ಬೇರೊಂದು ಮಾರ್ಗದ ಶೋಧ, ಇಷ್ಟು ಕೂಡಿದಲ್ಲಿ ಮುಕ್ಕಾಲು ಪಾಲು ಸಂಘರ್ಷಗಳು ತಾವಾಗಿಯೇ ಕರಗುತ್ತವೆ ಎಂಬುದು ನನ್ನ ಅನುಭವ.

ವೈದ್ಯನು ತನ್ನ ಅಂತಃಕರಣವನ್ನು ಹೇಗೆ ಕಾಪಾಡಿಕೊಳ್ಳಬೇಕು ಎಂಬುದಕ್ಕೆ ನಮ್ಮ ಪರಂಪರೆಯಲ್ಲಿಯೇ ಉಜ್ವಲವಾದ ನಿದರ್ಶನವಿದೆ. ಒಂಬತ್ತನೆಯ ಶತಮಾನದ ಉಗ್ರಾದಿತ್ಯಾಚಾರ್ಯರು 'ಕಲ್ಯಾಣಕಾರಕ'ವೆಂಬ ವೈದ್ಯಗ್ರಂಥವನ್ನು ಸಂಸ್ಕೃತದಲ್ಲಿ ರಚಿಸಿದರು. ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳು ಸಂಪಾದಿಸಿದ ಅದರ ಆವೃತ್ತಿ 1940ರಲ್ಲಿ ಸೊಲ್ಲಾಪುರದಿಂದ ಪ್ರಕಟವಾಯಿತು. ಮದ್ಯ, ಮಾಂಸ, ಮಧುಗಳಿಲ್ಲದೆ ಚಿಕಿತ್ಸೆ ಸಾಧ್ಯವಿಲ್ಲವೆಂದು ಅಂದಿನ ವೈದ್ಯರಲ್ಲಿ ಅನೇಕರು ನಂಬಿದ್ದರು. ಉಗ್ರಾದಿತ್ಯರು ಅದನ್ನು ಒಪ್ಪಲಿಲ್ಲ. ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ವಿದ್ವಾಂಸರ ಮುಂದೆ ಮಾಂಸೌಷಧವನ್ನು ಖಂಡಿಸಿ ವಾದಿಸಿದರು. ಆ ವಾದವೇ ಗ್ರಂಥದ ಕೊನೆಯಲ್ಲಿ 'ಹಿತಾಹಿತಾಧ್ಯಾಯ'ವಾಗಿ ನಿಂತಿದೆ. ಆದರೆ ನಾನು ಒತ್ತಿ ಹೇಳಬೇಕೆಂದಿರುವ ಅಂಶ ಅದಲ್ಲ. 'ನಾನು ಮಾಂಸೌಷಧ ಕೊಡೆನು' ಎಂದು ಹೇಳಿ ರೋಗಿಯನ್ನು ಬಾಗಿಲಿನಿಂದ ಕಳುಹಿಸಿಬಿಡುವುದು ಸುಲಭವಾಗಿತ್ತು. ಅವರು ಹಾಗೆ ಮಾಡಲಿಲ್ಲ. ಅವುಗಳಿಲ್ಲದೆ ಯಾವ ಯಾವ ರೋಗಕ್ಕೆ ಏನೇನು ಕೊಡಬಹುದೆಂದು ಇಪ್ಪತ್ತೈದು ಅಧಿಕಾರಗಳನ್ನು ಬರೆದರು. ತನ್ನ ವ್ರತದ ಭಾರವನ್ನು ರೋಗಿಯ ತಲೆಗೆ ಹೊರಿಸದೆ ತಾನೇ ಹೊತ್ತ ವೈದ್ಯರು ಅವರು. ಅದೇ ಗ್ರಂಥದಲ್ಲಿ 'ರಿಷ್ಟಾಧ್ಯಾಯ'ವೂ ಇದೆ. ಮರಣವು ಸಮೀಪಿಸಿದ ಲಕ್ಷಣಗಳನ್ನು ವೈದ್ಯನು ಗುರುತಿಸಬೇಕೆಂಬುದು ಅದರ ವಿಷಯ. ಚಿಕಿತ್ಸೆ ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲದು ಎಂಬ ಎರಡೂ ಅರಿವು ಕೂಡಿದಾಗಲೇ ವೈದ್ಯವಿದ್ಯೆ ಪೂರ್ಣವೆಂದು ಆಚಾರ್ಯರ ಆಶಯವಿದ್ದಿರಬೇಕು.

ಇನ್ನು ನನ್ನ ತಪ್ಪಿನ ವಿಷಯ. ಮುಂದಿನ ವರ್ಷ ಅಕ್ಕನಿಗೆ ನುಂಗುವುದು ಕಷ್ಟವಾಗತೊಡಗಿತು. ಅನ್ನನಾಳದ ಅರ್ಬುದ, ಆಗಲೇ ಯಕೃತ್ತಿಗೆ ಹರಡಿತ್ತು. ನಮ್ಮ ಜಿಲ್ಲೆಯವರ ಪಾಡು ವಾಚಕರಿಗೆ ತಿಳಿದಿದೆ: ದೊಡ್ಡ ಕಾಯಿಲೆ ಎಂದರೆ ಹುಬ್ಬಳ್ಳಿ, ಇಲ್ಲವೆ ಮಣಿಪಾಲ, ಇಲ್ಲವೆ ಗೋವೆ. ಊರು ಬಿಟ್ಟು ನೂರಾರು ಕಿಲೋಮೀಟರು ದೂರದಲ್ಲಿ, ಪರಿಚಯವಿಲ್ಲದ ಜನರ ನಡುವೆ, ಗಳಿಗೆಯಲ್ಲಿ ತೀರ್ಮಾನ ಮಾಡು ಎಂದರೆ ಮನುಷ್ಯನ ಬುದ್ಧಿ ನೆಟ್ಟಗೆ ನಿಲ್ಲುವುದಿಲ್ಲ. ಗುಣವಾಗುವ ಹಾಗಿಲ್ಲವೆಂದು ಹಿರಿಯ ವೈದ್ಯರು ಸ್ಪಷ್ಟವಾಗಿ ಹೇಳಿದರು. ಅಕ್ಕ ಅದನ್ನು ಕೇಳಿ, ಆಹಾರವನ್ನು ಕ್ರಮವಾಗಿ ಇಳಿಸುತ್ತೇನೆ, ಮನೆಗೆ ಕರೆದುಕೊಂಡು ಹೋಗು ಎಂದಳು. ವೈದ್ಯರು ಸಿಡುಕಿದರು: "ನನ್ನ ವಾರ್ಡಿನಲ್ಲಿ ಯಾರೂ ಹಸಿವಿನಿಂದ ಸಾಯಕೂಡದು. ಮೂಗಿನಿಂದ ನಳಿಗೆ ಹಾಕೋಣ. ಮನೆಗೆ ಹೋಗುವ ಮಾತು ಆಮೇಲೆ." ಹೊರಗೆ ಕಾರಿಡಾರಿನಲ್ಲಿ ಒಂದು ಸಮ್ಮತಿ ಪತ್ರ ನನ್ನ ಮುಂದೆ ಬಂತು. ಅಕ್ಕ ಒಳಗೆ ಎಚ್ಚರವಾಗಿಯೇ ಇದ್ದಳು, ಪಂಚನಮಸ್ಕಾರ ಹೇಳಿಕೊಳ್ಳುತ್ತಿದ್ದಳು. ನಾನು ಅವಳನ್ನು ಕೇಳದೆ ಸಹಿ ಮಾಡಿದೆ.

ಸಂಜೆ ಸ್ವಲ್ಪ ಮಂಪರಿನ ಔಷಧ ಕೊಟ್ಟು ನಳಿಗೆ ಹಾಕಿದರು. ರಾತ್ರಿ ಎರಡು ಗಂಟೆಗೆ ದಾದಿ ಬಂದು ಅದರೊಳಗೆ ಹಾಲಿನಂಥ ದ್ರವಾಹಾರವನ್ನು ಬಿಟ್ಟಳು. ಆಗ ನಾನು ಬೆಂಚಿನ ಮೇಲೆ ಕುಳಿತಿದ್ದೆ, ನೋಡುತ್ತಿದ್ದೆ. ಹೆಚ್ಚುಕಡಿಮೆ ನಲವತ್ತು ವರ್ಷ ರಾತ್ರಿ ಒಂದು ಗುಟುಕು ನೀರನ್ನೂ ಮುಟ್ಟದವಳ ಹೊಟ್ಟೆಗೆ ನಡುರಾತ್ರಿ ಆಹಾರ ಇಳಿಯುತ್ತಿತ್ತು. ಅದು ಇಳಿಯುತ್ತಿದ್ದುದು ನನ್ನ ಸಹಿಯಿಂದ.

ಬೆಳಿಗ್ಗೆ ಅವಳಿಗೆ ತಿಳಿಯಿತು. ಗಟ್ಟಿಯಾಗಿ ಮಾತನಾಡುವ ಶಕ್ತಿ ಇರಲಿಲ್ಲ. "ತಮ್ಮಾ, ನನ್ನ ವ್ರತದ ಮೇಲೆ ನಿನ್ನ ಸಹಿ ಹೇಗೆ ಬಂತು?" ಎಂದಳು. ನಾನು ಶಾಸ್ತ್ರ ಹೇಳಿದೆ: ಪ್ರಮತ್ತಯೋಗವಿಲ್ಲದೆ ದೋಷವಿಲ್ಲ, ನಿನ್ನ ಭಾವದಲ್ಲಿ ಭಂಗವಾಗಿಲ್ಲ, ಬಲಾತ್ಕಾರದಿಂದ ನಡೆದದ್ದು ನಿನ್ನನ್ನು ಮುಟ್ಟದು. "ಸರಿ, ನನ್ನದಲ್ಲ. ಹಾಗಾದರೆ ಯಾರದು?" ಎಂದು ಕೇಳಿದಳು. ಇದಕ್ಕೆ ನನ್ನ ಶಾಸ್ತ್ರಾಭ್ಯಾಸದಲ್ಲಿ ಉತ್ತರವಿತ್ತು; ಹೇಳುವ ಧೈರ್ಯವಿರಲಿಲ್ಲ.

ದೇಶದ ಕಾನೂನಿನಲ್ಲಿಯೂ ಉತ್ತರವಿತ್ತೆಂದು ಆಮೇಲೆ ತಿಳಿದೆ. 2008ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಒಂದು ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಪರೀಕ್ಷೆಗೆಂದು ಅರಿವಳಿಕೆ ಕೊಡಿಸಿಕೊಂಡ ಮಹಿಳೆಯೊಬ್ಬರು ಪ್ರಜ್ಞಾಹೀನರಾಗಿದ್ದಾಗ, ಹೊರಗಿದ್ದ ತಾಯಿಯ ಒಪ್ಪಿಗೆ ಪಡೆದು ವೈದ್ಯರು ಗರ್ಭಕೋಶವನ್ನೇ ತೆಗೆದಿದ್ದರು. ಒಳ್ಳೆಯ ಉದ್ದೇಶವಿದ್ದರೂ ಅದು ಸಲ್ಲದೆಂದೂ, ವಯಸ್ಕಳಾದ ರೋಗಿಗೆ ಎಚ್ಚರ ಬರುವವರೆಗೆ ಕಾಯಲು ಸಾಧ್ಯವಿದ್ದಾಗ ಬಂಧುಗಳ ಒಪ್ಪಿಗೆ ಒಪ್ಪಿಗೆಯೇ ಅಲ್ಲವೆಂದೂ ನ್ಯಾಯಾಲಯ ಹೇಳಿತು. ತಡಮಾಡಿದರೆ ಪ್ರಾಣಕ್ಕೆ ಅಪಾಯವೆಂಬ ಸಂದರ್ಭ ಮಾತ್ರ ಅದಕ್ಕೆ ಅಪವಾದ. ಪ್ರಜ್ಞೆ ತಪ್ಪಿದವರ ವಿಷಯದಲ್ಲಿಯೇ ಹೀಗಾದರೆ, ಎಚ್ಚರವಾಗಿದ್ದು ಜಪ ಮಾಡುತ್ತಿದ್ದವಳ ಪರವಾಗಿ ಸಹಿ ಹಾಕಿದ ನನ್ನ ಕೃತ್ಯಕ್ಕೆ ಏನೆನ್ನಬೇಕು?

ವೈದ್ಯರ ಪಕ್ಷವನ್ನೂ ನೋಡೋಣ. ವೈದ್ಯರ ನಡವಳಿಕೆಗೆ ಸಂಬಂಧಿಸಿದ 2002ರ ನಿಯಮಾವಳಿಯ ಪ್ರಕಾರ, ತುರ್ತಿನ ಸಂದರ್ಭ ಹೊರತು, ತಾನು ಯಾರಿಗೆ ಚಿಕಿತ್ಸೆ ಕೊಡಬೇಕೆಂಬುದನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ವೈದ್ಯನಿಗಿದೆ. ಆದರೆ ಒಮ್ಮೆ ಕೈಗೆತ್ತಿಕೊಂಡ ರೋಗಿಯನ್ನು ಉಪೇಕ್ಷಿಸುವಂತಿಲ್ಲ, ಸಾಕಷ್ಟು ಮುಂಚಿತವಾಗಿ ತಿಳಿಸದೆ ಬಿಟ್ಟು ಹೋಗುವಂತಿಲ್ಲ. ಸಂತಾನ ನಿಯಂತ್ರಣ, ಗರ್ಭಪಾತ ಮೊದಲಾದ ಕೆಲವು ವಿಷಯಗಳಲ್ಲಿ, ವೈದ್ಯಕೀಯ ಕಾರಣವಿದ್ದಾಗ, ಕೇವಲ ತನ್ನ ಮತಧರ್ಮದ ಕಾರಣ ಕೊಟ್ಟು ನಿರಾಕರಿಸುವಂತಿಲ್ಲವೆಂದೂ ಅದೇ ನಿಯಮಾವಳಿ ಹೇಳುತ್ತದೆ. ಈ ಕೊನೆಯ ನಿಯಮ ನಮ್ಮ ಜೈನ ವೈದ್ಯರಿಗೆ ನುಂಗಲಾರದ ತುತ್ತು. ಗರ್ಭಸ್ಥ ಪಂಚೇಂದ್ರಿಯ ಜೀವದ ಘಾತಕ್ಕೆ ತನ್ನ ಕೈ ಹಚ್ಚೆನೆಂಬ ಶ್ರಾವಕ ವೈದ್ಯನ ಭಾವವನ್ನು ನಾನು ಅಲ್ಲಗಳೆಯಲಾರೆ. ಹಾಗೆಂದು, ಪ್ರಾಣಾಪಾಯದಲ್ಲಿ ಬಂದ ತಾಯಿಯನ್ನು ಬಾಗಿಲಲ್ಲಿ ನಿಲ್ಲಿಸುವುದನ್ನೂ ಅಹಿಂಸೆ ಎನ್ನಲಾರೆ. ಅಂಥ ಭಾವವುಳ್ಳವನು ಮೊದಲೇ ತನ್ನ ವೃತ್ತಿಯ ಶಾಖೆಯನ್ನು ಯೋಚಿಸಿ ಆರಿಸಿಕೊಳ್ಳುವುದು ಲೇಸು.

ಸೇವೆ ಮಾಡುವವರ ಅಂತಃಕರಣವು ಎಷ್ಟು ಗಹನವಾದ ವಿಷಯವೆಂಬುದಕ್ಕೆ ನಮ್ಮ ಜಿಲ್ಲೆಯ ಹೊನ್ನಾವರ ತಾಲೂಕಿನ ಹಳದೀಪುರದ ಅರುಣಾ ಶಾನಭಾಗ ಅವರ ಕಥೆಗಿಂತ ಬೇರೆ ನಿದರ್ಶನ ಬೇಡ. ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದ ಅವರ ಮೇಲೆ 1973ರ ನವೆಂಬರ್ 27ರಂದು ಅಲ್ಲಿಯ ಕಸಗುಡಿಸುವ ನೌಕರನೊಬ್ಬ ನಾಯಿಯ ಸರಪಳಿಯಿಂದ ಕುತ್ತಿಗೆ ಬಿಗಿದು ಅತ್ಯಾಚಾರ ಎಸಗಿದ. ಮಿದುಳಿಗೆ ಪ್ರಾಣವಾಯು ತಪ್ಪಿತು. ಅಂದಿನಿಂದ 2015ರ ಮೇ 18ರವರೆಗೆ, ಸುಮಾರು 42 ವರ್ಷ, ಅವರು ಹಾಸಿಗೆಯಲ್ಲಿಯೇ ಇದ್ದರು. ಹಾಸಿಗೆ ತೆರವು ಮಾಡಿಸಲು 1980ರ ದಶಕದಲ್ಲಿ ನಗರಪಾಲಿಕೆ ಪ್ರಯತ್ನಿಸಿದಾಗ ದಾದಿಯರು ಪ್ರತಿಭಟಿಸಿ ತಡೆದರು. ಲೇಖಕಿ ಪಿಂಕಿ ವಿರಾನಿ ಅವರು, ಇದು ಬದುಕಲ್ಲ, ಬಲವಂತದ ಆಹಾರ ನಿಲ್ಲಿಸಿ ಎಂದು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. 2011ರ ಮಾರ್ಚ್ 7ರಂದು ನ್ಯಾಯಾಲಯವು, ಇಷ್ಟು ವರ್ಷ ತೊಳೆದು ಉಣಿಸಿದ ಆಸ್ಪತ್ರೆಯವರೇ ಆಕೆಯ ಆಪ್ತರು, ಅವರ ಮನಸ್ಸಿಗೆ ವಿರುದ್ಧವಾಗಿ ನಿಲ್ಲಿಸಲಾಗದು ಎಂದು ಮನವಿಯನ್ನು ತಳ್ಳಿತು. ಆದರೆ ಅದೇ ತೀರ್ಪಿನಲ್ಲಿ, ಉಚ್ಚ ನ್ಯಾಯಾಲಯದ ಅನುಮತಿ ಪಡೆದು ಕೃತಕ ಜೀವಾಧಾರವನ್ನು ಹಿಂತೆಗೆಯುವ ಮಾರ್ಗವನ್ನು ದೇಶದಲ್ಲಿ ಮೊದಲ ಬಾರಿಗೆ ತೆರೆಯಿತು. ಆ ದಾದಿಯರ ವೈಯಾವೃತ್ಯಕ್ಕೆ ಕೈಮುಗಿಯದೆ ಇರಲಾರೆವು. ಆದರೂ ಒಂದು ಪ್ರಶ್ನೆ ಉಳಿಯುತ್ತದೆ: ಅರುಣಾ ಅವರಿಗೆ ಏನು ಬೇಕಾಗಿತ್ತು? ಇಪ್ಪತ್ತೈದರ ತರುಣಿಯನ್ನು ಯಾರು ಅದನ್ನು ಕೇಳಿದ್ದರು, ಆಕೆ ಎಲ್ಲಿ ಬರೆದಿಟ್ಟಿದ್ದಳು?

ಈ ಕೊರತೆಯನ್ನು ತುಂಬಿದ್ದು 2018ರ ಮಾರ್ಚ್ 9ರ ಐವರು ನ್ಯಾಯಮೂರ್ತಿಗಳ ತೀರ್ಪು. ಘನತೆಯಿಂದ ಸಾಯುವುದೂ ಸಂವಿಧಾನದ 21ನೆಯ ವಿಧಿಯ ಹಕ್ಕಿನಲ್ಲಿ ಸೇರಿದೆ, ಮುಂದೆ ಬುದ್ಧಿ ತಪ್ಪಿದಾಗ ಯಾವ ಚಿಕಿತ್ಸೆ ಬೇಡವೆಂಬುದನ್ನು ಮೊದಲೇ ಬರೆದಿಡಬಹುದು ಎಂದು ಅದು ಹೇಳಿತು. ವಿಧಿವಿಧಾನ ಬಹಳ ತೊಡಕಾಗಿದ್ದುದರಿಂದ 2023ರ ಜನವರಿಯಲ್ಲಿ ಸರಳಗೊಳಿಸಿದರು. ನಮ್ಮ ಕರ್ನಾಟಕ ಸರ್ಕಾರದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಅದನ್ನು ಜಾರಿಗೆ ತರುವ ಆದೇಶ ಹೊರಡಿಸಿತು.

ಸಲ್ಲೇಖನೆಯ ವಿಷಯಕ್ಕೆ ಬರುವ ಮೊದಲು ಒಂದು ಭ್ರಮೆಯನ್ನು ನಿವಾರಿಸಬೇಕು. 2015ರ ಆಗಸ್ಟ್ 10ರಂದು ರಾಜಸ್ಥಾನ ಉಚ್ಚ ನ್ಯಾಯಾಲಯವು ಸಂಥಾರವನ್ನು ಆತ್ಮಹತ್ಯೆಯೆಂದು ಕರೆದಾಗ ಸಮಾಜದ ಎರಡೂ ಪಂಥಗಳು ಬೀದಿಗಿಳಿದವು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯ ಆ ತೀರ್ಪಿಗೆ ತಡೆ ಕೊಟ್ಟಿತು. ಅಂದಿನಿಂದ ನಮ್ಮವರಲ್ಲಿ, ವೈದ್ಯರು ಸಲ್ಲೇಖನೆಯ ವಿಷಯದಲ್ಲಿ ಪ್ರಶ್ನೆ ಕೇಳುವುದೇ ಧರ್ಮದ್ರೋಹವೆಂಬ ಭಾವನೆ ಬೆಳೆದಿದೆ. ಇದು ಸರಿಯಲ್ಲ. ಪ್ರಶ್ನೆ ಕೇಳುವುದು ನಮ್ಮ ಆಚಾರ್ಯರ ಪದ್ಧತಿಯೇ. ಸಮಂತಭದ್ರ ಸ್ವಾಮಿಗಳು ರತ್ನಕರಂಡಕದಲ್ಲಿ ಉಪಸರ್ಗ, ದುರ್ಭಿಕ್ಷ, ಜರೆ, ರೋಗ ಎಂಬ ನಾಲ್ಕು ಸಂದರ್ಭಗಳನ್ನು ಹೇಳಿ, ಅವು ಪ್ರತೀಕಾರವಿಲ್ಲದವು ಆಗಿರಬೇಕೆಂದು ಕಟ್ಟು ಹಾಕಿದ್ದಾರೆ. ರೋಗಕ್ಕೆ ಪ್ರತೀಕಾರವಿದೆಯೋ ಇಲ್ಲವೋ ಎಂದು ಹೇಳಬೇಕಾದವರು ಯಾರು? ವೈದ್ಯರೇ ಅಲ್ಲವೆ? ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಕೊಟ್ಟ ವರ್ತಕನ ದೃಷ್ಟಾಂತವೂ ಅದೇ: ಭಂಡಾರಕ್ಕೆ ಬೆಂಕಿ ಬಿದ್ದರೆ ವರ್ತಕನು ಮೊದಲು ಮನೆಯನ್ನು ಉಳಿಸಲು ನೋಡುತ್ತಾನೆ, ಅದು ಆಗದೆಂದು ಕಂಡಾಗ ಒಳಗಿನ ಸರಕನ್ನು ಉಳಿಸಿಕೊಳ್ಳುತ್ತಾನೆ. ನಂದಿಸಬಹುದಾದ ಬೆಂಕಿಗೆ ಹೆದರಿ ಮನೆ ಬಿಟ್ಟು ಓಡುವವನು ವರ್ತಕನಲ್ಲ.

ಸಮಂತಭದ್ರರ ಜೀವನದ ಕಥೆಯೇ ಇದಕ್ಕೆ ಸಾಕ್ಷಿ. ಭಸ್ಮಕ ವ್ಯಾಧಿಯಿಂದ ಬೆಂದುಹೋಗುತ್ತಿದ್ದ ಅವರು ಸಲ್ಲೇಖನೆಗೆ ಗುರುಗಳ ಅನುಮತಿ ಬೇಡಿದರು. ಗುರುಗಳು ಕೊಡಲಿಲ್ಲ, ನಿನ್ನಿಂದ ಧರ್ಮಪ್ರಭಾವನೆ ಆಗಬೇಕಾಗಿದೆ, ಮುನಿವೇಷವನ್ನು ಇಳಿಸಿ ರೋಗವನ್ನು ಗುಣಪಡಿಸಿಕೊಂಡು ಮರಳಿ ದೀಕ್ಷೆ ತೆಗೆದುಕೊ ಎಂದರು. ರೋಗಿಯ ಇಚ್ಛೆ ಎಷ್ಟೇ ಪವಿತ್ರವಾಗಿದ್ದರೂ ಅದನ್ನು ಕಣ್ಣು ಮುಚ್ಚಿ ನೆರವೇರಿಸುವುದು ನಿರ್ಯಾಪಕನ ಧರ್ಮವಲ್ಲ. ಭಗವತೀ ಆರಾಧನೆಯಲ್ಲಿ ಹೇಳಿದ 48 ಮಂದಿ ನಿರ್ಯಾಪಕರು ಕ್ಷಪಕನ ಹತ್ತಿರ ಇರುವುದು ಬರಿಯ ಸ್ತೋತ್ರ ಹೇಳಲಿಕ್ಕಲ್ಲ. ಅವನ ಮನಃಸ್ಥಿತಿಯನ್ನು ಪರೀಕ್ಷಿಸಲು, ಅವನು ನೊಂದರೆ ಉಪಚರಿಸಲು, ಕುಗ್ಗಿದರೆ ಕೈಬಿಡದೆ ನಿಲ್ಲಿಸಲು.

ಇದನ್ನೂ ಮುಚ್ಚಿಡದೆ ಬರೆಯುತ್ತೇನೆ. ಮುದುಕರಿಗೆ ಸಲ್ಲೇಖನೆ ಕೊಡಿಸಿ ಮೆರವಣಿಗೆ ಮಾಡುವ ಉತ್ಸಾಹ ಕೆಲವು ಮನೆಗಳಲ್ಲಿ ರೋಗಿಗಿಂತ ಮಕ್ಕಳಿಗೆ ಹೆಚ್ಚು. ತತ್ತ್ವಾರ್ಥಸೂತ್ರವು ಹೇಳುವ ಐದು ಅತಿಚಾರಗಳಲ್ಲಿ ಜೀವಿತಾಶಂಸೆಯ ಪಕ್ಕದಲ್ಲಿಯೇ ಮರಣಾಶಂಸೆಯೂ ಇದೆ. ಬೇಗ ಸಾಯಬೇಕೆಂಬ ಬಯಕೆ ರೋಗಿಯಲ್ಲಿದ್ದರೂ ದೋಷ, ಮನೆಯವರಲ್ಲಿದ್ದರೆ ಮಹಾದೋಷ. ಅಂಥ ಮನೆಯಲ್ಲಿ ವೈದ್ಯನು ಎಲ್ಲರನ್ನೂ ಹೊರಗೆ ಕಳುಹಿಸಿ ರೋಗಿಯೊಬ್ಬರನ್ನೇ ಕೇಳಿದರೆ, ಮನಸ್ಸು ಕುಗ್ಗಿದ್ದಕ್ಕೆ ಮದ್ದಿದೆಯೇ ಎಂದು ನೋಡಿದರೆ, ಆತ ನಮ್ಮ ಶತ್ರುವಲ್ಲ. ನಿರ್ಯಾಪಕನ ಕೆಲಸದಲ್ಲಿ ಒಂದು ಪಾಲನ್ನು ತಾನು ಮಾಡುತ್ತಿದ್ದಾನೆ.

ಆದರೆ ಕೇಳಿಯಾದ ಮೇಲೆ, ಪರೀಕ್ಷಿಸಿಯಾದ ಮೇಲೆ, ಪ್ರತೀಕಾರವಿಲ್ಲವೆಂದು ತಾನೇ ಹೇಳಿಯಾದ ಮೇಲೆ, ವೈದ್ಯನ ಅಂತಃಕರಣಕ್ಕೆ ರೋಗಿಯ ದೇಹದೊಳಗೆ ನುಗ್ಗುವ ಅಧಿಕಾರವಿಲ್ಲ. 'ನಾನು ಮಾಡಲಾರೆ' ಎನ್ನುವುದು ಅವನ ಹಕ್ಕು. 'ನೀನು ಬೇಡವೆಂದರೂ ಮಾಡುವೆ' ಎನ್ನುವುದು ಹಕ್ಕಲ್ಲ. ಇವೆರಡರ ನಡುವಣ ಗೆರೆಯನ್ನು ನಾನು ಅಕ್ಕನ ಹಾಸಿಗೆಯ ಬಳಿ ಕಂಡೆ. ನಳಿಗೆ ತೆಗೆಯಿರಿ ಎಂದು ಅವಳು ಕೇಳಿದಾಗ ಹಿರಿಯ ವೈದ್ಯರು, "ತೆಗೆದರೆ ನನ್ನ ಕೈಯಿಂದ ಕೊಂದ ಹಾಗೆ ಆಗುತ್ತದೆ ಅಮ್ಮಾ," ಎಂದರು. ಅವರ ದನಿಯಲ್ಲಿ ದರ್ಪವಿರಲಿಲ್ಲ, ಸಂಕಟವಿತ್ತು. ಅಕ್ಕ, "ನಿಮ್ಮ ಕೈ ಬೇಡ. ಬೇರೆ ಕೈ ತೋರಿಸಿ," ಎಂದಳು. ಅವರು ಬಹಳ ಹೊತ್ತು ನಿಂತಿದ್ದು, ನೋವು ಶಮನ ವಿಭಾಗದ ಸಹೋದ್ಯೋಗಿಯೊಬ್ಬರನ್ನು ಕರೆಸಿದರು. ಆ ಮಹಿಳಾ ವೈದ್ಯರು ನನ್ನನ್ನು ಹೊರಗೆ ಕಳುಹಿಸಿ, ಅಕ್ಕನನ್ನು ಅರ್ಧ ಗಂಟೆ ಮಾತನಾಡಿಸಿ, ಅವಳ ಹೆಬ್ಬೆರಳು ಒತ್ತಿಸದೆ ಅವಳ ಕೈಯಿಂದಲೇ ಸಹಿ ಮಾಡಿಸಿಕೊಂಡು, ನಳಿಗೆ ತೆಗೆದರು.

ಒಂದು ವಿಷಯದಲ್ಲಿ ಮತ್ತೆ ಭಿನ್ನಾಭಿಪ್ರಾಯ ಬಂತು. ನೋವಿಗೆ ಮಾರ್ಫಿನ್ ಕೊಡಬೇಕೆಂದು ಆ ವೈದ್ಯರು. ಎಚ್ಚರ ಮಸುಕಾಗಬಾರದೆಂದು ಅಕ್ಕ. ನರಳುವವರನ್ನು ನೋಡುತ್ತ ಕುಳಿತುಕೊಳ್ಳಲು ತಮಗೆ ಸಾಧ್ಯವಿಲ್ಲವೆಂದರು ಅವರು. ಕೊನೆಗೆ ಹಗಲು ಮಾತ್ರ, ಅತಿ ಕಡಿಮೆ ಪ್ರಮಾಣದಲ್ಲಿ, ಬೆಳಗಿನ ಜಪ ಮುಗಿದ ಮೇಲೆ, ಚುಚ್ಚುಮದ್ದಿನ ರೂಪದಲ್ಲಿ ಎಂದು ಇಬ್ಬರೂ ಒಪ್ಪಿದರು. ಇಲ್ಲಿ ಗೆದ್ದವರು ಯಾರು, ಸೋತವರು ಯಾರು ಎಂದು ನನಗೆ ಇಂದಿಗೂ ಹೇಳಲಾಗುತ್ತಿಲ್ಲ.

ಪ್ರಾಯೋಗಿಕವಾದ ಕೆಲವು ಮಾತುಗಳು. ಬುದ್ಧಿ ಸ್ವಸ್ಥವಾಗಿರುವವರೆಗೆ ಯಾವ ಪತ್ರವೂ ಬೇಕಿಲ್ಲ, ರೋಗಿಯ ಬಾಯಿಮಾತೇ ಪ್ರಮಾಣ. ಇದನ್ನು ಮನೆಯವರೂ ವೈದ್ಯರೂ ಮರೆಯುತ್ತಾರೆ. ಬುದ್ಧಿ ತಪ್ಪಿ, ರೋಗವು ಗುಣವಾಗದ ಹಂತಕ್ಕೆ ಬಂದಾಗ ಉಪಯೋಗಕ್ಕೆ ಬರುವುದು ಮುಂಗಡ ನಿರ್ದೇಶನ ಪತ್ರ. ಜನರು ಲಿವಿಂಗ್ ವಿಲ್ ಎನ್ನುತ್ತಾರೆ. ಅದನ್ನು ಬರೆದು, ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ, ನೋಟರಿಯಿಂದ ಅಥವಾ ಪತ್ರಾಂಕಿತ ಅಧಿಕಾರಿಯಿಂದ ದೃಢೀಕರಿಸಬೇಕು. ತಮ್ಮ ಪರವಾಗಿ ಮಾತನಾಡುವ ಒಬ್ಬರಿಗಿಂತ ಹೆಚ್ಚು ಮಂದಿ ಆಪ್ತರನ್ನು ಹೆಸರಿಸಬಹುದು. ಅದನ್ನು ನಡೆಸುವ ಮೊದಲು ಆಸ್ಪತ್ರೆಯಲ್ಲಿ ಚಿಕಿತ್ಸೆ ಕೊಡುವ ವೈದ್ಯರೂ ಕನಿಷ್ಠ ಇಬ್ಬರು ತಜ್ಞರೂ ಇರುವ ಮೊದಲ ಮಂಡಳಿ, ಆ ಮೇಲೆ ಜಿಲ್ಲೆಯ ಮುಖ್ಯ ವೈದ್ಯಾಧಿಕಾರಿ ನೇಮಿಸಿದವರೊಬ್ಬರಿರುವ ಎರಡನೆಯ ಮಂಡಳಿ, ತಲಾ 48 ಗಂಟೆಗಳೊಳಗೆ ಎಂಬಂತೆ, ಅಭಿಪ್ರಾಯ ಕೊಡಬೇಕು. ಮಂಡಳಿ ಒಪ್ಪದಿದ್ದರೆ ಉಚ್ಚ ನ್ಯಾಯಾಲಯವಿದೆ. ನಮ್ಮ ಮನೆಗಳವರು ಇದರಲ್ಲಿ ವೆಂಟಿಲೇಟರ್, ನಳಿಗೆಗಳ ವಿಷಯದ ಜೊತೆಗೆ ತಮ್ಮ ವ್ರತಗಳನ್ನೂ ಬರೆಯಬೇಕು: ಯಾವುದು ಯಮ, ಅಂದರೆ ಜೀವಾವಧಿ, ಯಾವುದು ನಿಯಮ, ಅಂದರೆ ಕಾಲಮಿತಿಯುಳ್ಳದ್ದು. ಪ್ರಾಣಿಜನ್ಯ ಔಷಧಕ್ಕೆ ಬೇರೆ ಮಾರ್ಗವೇ ಇಲ್ಲದಾಗ ಏನು ಮಾಡಬೇಕೆಂಬುದನ್ನೂ ಸ್ಪಷ್ಟವಾಗಿ ತಿಳಿಸಬೇಕು. ಆ ಭಾರವನ್ನು ನಡುರಾತ್ರಿಯಲ್ಲಿ ಒಬ್ಬ ತರುಣ ವೈದ್ಯನ ಮೇಲಾಗಲಿ, ಬೆಂಚಿನ ಮೇಲೆ ಕುಳಿತ ತಮ್ಮನ ಮೇಲಾಗಲಿ ಬಿಡಬಾರದು.

ಅಕ್ಕನನ್ನು ಅಗಸೂರಿಗೆ ಕರೆತಂದೆವು. ಅನ್ನ ಬಿಟ್ಟು ಹಾಲು, ಹಾಲು ಬಿಟ್ಟು ಮಜ್ಜಿಗೆ, ಮಜ್ಜಿಗೆ ಬಿಟ್ಟು ಕಾಯಿಸಿದ ನೀರು, ಹೀಗೆ ಹತ್ತೊಂಬತ್ತು ದಿನ ಇದ್ದಳು. ಆ ರಾತ್ರಿಯ ಆಹಾರಕ್ಕಾಗಿ ತಾನು ಮಾಡದ ತಪ್ಪಿಗೆ ತಾನೇ ಪ್ರಾಯಶ್ಚಿತ್ತ ಕೇಳಿ ಪಡೆದಳು. ನನಗೂ ಕೇಳು ಎಂದಳು, ಕೇಳಿದೆ. ಹದಿನಾರನೆಯ ದಿನ, ಹೇಳದೆ ಕೇಳದೆ, ಹಿರಿಯ ವೈದ್ಯರು ಕಾರು ಮಾಡಿಕೊಂಡು ಬಂದರು. ನಾಡಿ ನೋಡಿದರು, ನಾಲಿಗೆ ಒಣಗದಂತೆ ಒದ್ದೆ ಬಟ್ಟೆ ಒತ್ತುವುದನ್ನು ನನ್ನ ಸೊಸೆಗೆ ತೋರಿಸಿಕೊಟ್ಟರು. "ನಾನು ಈಗಲೂ ಒಪ್ಪುವುದಿಲ್ಲ ಅಮ್ಮಾ," ಎಂದರು. ಅಕ್ಕ ನಕ್ಕು, "ಒಪ್ಪಬೇಡಿ, ಕೂತುಕೊಳ್ಳಿ," ಎಂದಳು. ಅವರು ಸಂಜೆಯವರೆಗೆ ಕುಳಿತಿದ್ದರು.